ಆ ಶರ್ಟಿನ ಮಾತು ಹೇಳಿಕೊಟ್ಟಿದ್ದು ನಾನು

ಇಲ್ಲ... ಫೇಕ್ ನ್ಯೂಸ್ ಇರಬೇಕು ಅಂದುಕೊಂಡೆ.

ಬೆಳಿಗ್ಗೆ ಹಾಸ್ಟೆಲ್ ಮೆಸ್‌ನಲ್ಲಿ ಅವಲಕ್ಕಿ ತಿನ್ನುತ್ತಾ ಸ್ಟೇಟಸ್ ನೋಡುತ್ತಿದ್ದೆ.
ಒಂದು, ಎರಡು, ಐದು... ಎಲ್ಲದರಲ್ಲೂ ಅದೇ ಫೋಟೋ.
ವಾರೆ ಟೊಪ್ಪಿ, ಕೆನ್ನೆಗೆ ಬಿಳಿ ಚುಕ್ಕಿ, ಒಂದು ಹುಬ್ಬು ಮಾತ್ರ ಮೇಲೆ.
ಯಕ್ಷಗಾನದ ಹಾಸ್ಯಗಾರ, ಬಿಳಗಿಯ ಸುಬ್ರಾಯಣ್ಣ ಹೋಗಿಬಿಟ್ಟರಂತೆ.
ಆ ಫೋಟೋ ನೋಡಿದರೆ ಈಗಲೂ ನಗು ಬರುತ್ತದೆ... ಅದೇ ಕಷ್ಟ.

ಎಲ್ಲರೂ ಪ್ರೀತಿಯಿಂದ ಬರೆದಿದ್ದಾರೆ.
ನಮ್ಮ ವಜ್ರಳ್ಳಿಯ ಗ್ರೂಪಿನಲ್ಲಿ ಮಾತ್ರ ಒಬ್ಬರು, “ಕಲಾವಿದ ಒಳ್ಳೆಯವ. ಆದ್ರೆ ಊಟಕ್ಕೆ ಕರೆದ ಮನೆಯ ಕೋಣೆಗೆ ಇಣುಕಿದ್ದು ಸರಿ ಆಗ್ಲಿಲ್ಲ” ಅಂದರು.
ಕೆಳಗೆ ಸಾಲಾಗಿ ಥಂಬ್ಸ್ ಅಪ್.

ಅವರು ಇಣುಕಲಿಲ್ಲ.
ಇದನ್ನು ನಾಲ್ಕು ಸಲ ಟೈಪ್ ಮಾಡಿ ಡಿಲೀಟ್ ಮಾಡಿದ್ದೇನೆ. ಪ್ಲೀಸ್, ಪೂರ್ತಿ ಓದಿ...

ಮೂರು ವರ್ಷದ ಹಿಂದೆ, ನಾನು ಹೈಸ್ಕೂಲು. ಆರನೇ ಕ್ಲಾಸಿನಿಂದ ಹಾಸ್ಟೆಲ್. ರಜೆಗೆ ಊರಿಗೆ ಬಂದರೆ ನನ್ನ ಅರ್ಧ ಇಂಗ್ಲಿಷ್ ಕೇಳಿ ಎಲ್ಲರೂ ಕಿಚಾಯಿಸುವವರೇ.
ಆ ಭಾನುವಾರ ಮಧ್ಯಾಹ್ನ ಊರಿನ ಸಭಾಭವನದಲ್ಲಿ ಯಕ್ಷಗಾನದ ಆಟ. ಸುಬ್ರಾಯಣ್ಣನ ಊಟ ನಮ್ಮ ಮನೆಯಲ್ಲಿ.
ಯಾವ ಊರಿಗೆ ಹೋದರೂ ಆಟಕ್ಕೆ ಮೊದಲು ಆ ಊರಿನ ಸುದ್ದಿ ಕೇಳಿ, ಯಾರ ಹೆಸರೂ ಎತ್ತದೆ ರಂಗದ ಮೇಲೆ ಹೇಳುವುದು ಅವರ ಪದ್ಧತಿ.

“ನಿಮ್ಮೂರಿನ ಉಪ್ಪು ಸ್ವಲ್ಪ ಕೊಡು ಮಾರಾಯ್ತಿ, ಇಲ್ದಿದ್ರೆ ನನ್ನ ಮಾತು ಸಪ್ಪೆ” ಅಂದರು.
ನಾನು ಹೇಳಿದ್ದಕ್ಕೆಲ್ಲ ನಕ್ಕರು. ಊರಿನಲ್ಲಿ ನನ್ನ ಮಾತಿಗೆ ನಕ್ಕ ಮೊದಲ ಮನುಷ್ಯ.
ಆ ಉಮೇದಿನಲ್ಲಿ ಚಿಕ್ಕಪ್ಪನ ಶರ್ಟಿನ ವಿಷಯ ಹೇಳಿಬಿಟ್ಟೆ.

ಚಿಕ್ಕಪ್ಪನಿಗೆ ಆಗ ಮೂವತ್ತೆಂಟು. ಹೆಣ್ಣು ನೋಡಲು ಹೋಗುವಾಗ ಮಾತ್ರ ಹಾಕುವ ಒಂದು ನೀಲಿ ಗೀರಿನ ಶರ್ಟು... ಇಸ್ತ್ರಿ ಮಾಡಿ ಕೋಣೆಯ ಬಾಗಿಲ ಹಿಂದೆ ತೂಗುಹಾಕಿದ್ದು. ಮನೆಯವರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ.

ಸುಬ್ರಾಯಣ್ಣ ನಗಲಿಲ್ಲ. “ಇದನ್ನ ಅವನೇ ಕೂತು ಕೇಳಿದ್ರೆ ನಗ್ತಾನಾ?” ಅಂದರು.
ಯಾವಾಗಲೂ ಕೇಳುತ್ತಿದ್ದರಂತೆ ಈ ಪ್ರಶ್ನೆ.
“ಅಳಿಸ್ಲಿಕ್ಕೆ ಭಾಗವತರು ಹಾಡೋ ಒಂದು ಪದ ಸಾಕು. ನಗಿಸೋದೂ ದೊಡ್ಡದಲ್ಲ. ಯಾರ ಮೇಲೆ ನಗೆ ಬಿತ್ತೋ ಅವನೂ ಆಟ ಮುಗಿದ ಮೇಲೆ ನನ್ನ ಜೊತೆ ಚಹಾ ಕುಡಿಬೇಕು. ಹಂಗಾದ್ರೆ ಅದು ಹಾಸ್ಯ. ಇಲ್ದಿದ್ರೆ ಬರೀ ಪೆಟ್ಟು.”

ನಾನು ಹೇಳಿದೆ, “ಹೌದು, ಅವನೇ ಹೇಳಿಕೊಂಡು ನಗ್ತಾನೆ.”

ಸುಳ್ಳು. ನನ್ನ ಮಾತು ಸ್ಟೇಜ್ ಮೇಲೆ ಬರಬೇಕಿತ್ತು... ಅಷ್ಟೇ.
ಅವತ್ತೇ, ಚಿಕ್ಕಪ್ಪನಿಗೆ ನೋಡಿದ್ದ ಹೆಣ್ಣಿನ ಸೋದರಮಾವ ಆಟಕ್ಕೆ ಬರುವವರಿದ್ದರು ಅಂತಲೂ ಹೇಳಲಿಲ್ಲ.

ಸುಬ್ರಾಯಣ್ಣನದು ದೂತನ ವೇಷ. ರಾಜ ಕೇಳಿದ, “ಎಲೈ ದೂತ, ತಡವೇಕೆ?”
“ಹೆಣ್ಣು ನೋಡ್ಲಿಕ್ಕೆ ಹೋಗಿದ್ದೆ ಪ್ರಭೂ!”
“ಎಷ್ಟನೆಯದು?”
“ಆ ಲೆಕ್ಕ ನನ್ನ ಶರ್ಟಿಗೆ ಬಿಟ್ಟಿದ್ದೇನೆ. ನೀಲಿ ಗೀರಿನದು, ಇದಕ್ಕೇ ಅಂತ ಇಟ್ಟದ್ದು. ಬಾಗಿಲ ಹಿಂದೆ ತೂಗಿ ತೂಗಿ, ಪಾಪ, ಅದಕ್ಕೇ ವಯಸ್ಸಾಯ್ತು!”

ಸಭೆ ಹೋ ಎಂದಿತು. ಆಮೇಲೆ ತಲೆಗಳು ಒಂದೊಂದಾಗಿ ತಿರುಗಿದವು.
ಎರಡನೇ ಸಾಲಿನಲ್ಲಿ ಚಿಕ್ಕಪ್ಪ. ಮೈಮೇಲೆ ಅದೇ ಶರ್ಟು. ಪಕ್ಕದಲ್ಲಿ ಆ ಸೋದರಮಾವ.
ಅವರು ಚಹಾಕ್ಕೂ ನಿಲ್ಲದೆ ಹೋದರು. ಸಂಬಂಧ ಅಲ್ಲಿಗೇ ಮುಗಿಯಿತು.

ಸುಬ್ರಾಯಣ್ಣ...
ವೇಷ ಕಟ್ಟುವ ಚೌಕಿಯಲ್ಲಿ ನೀವು ಇನ್ನೂ ಬಣ್ಣ ತೆಗೆದಿರಲಿಲ್ಲ. ಚಿಕ್ಕಪ್ಪ ಬಂದು, “ನಿಮಗೆ ಇದನ್ನ ಹೇಳಿದ್ದು ಯಾರು?” ಅಂತ ಕೇಳಿದ. ನಾನು ಬಾಗಿಲಲ್ಲೇ ಇದ್ದೆ. ನೀವು ನನ್ನನ್ನು ನೋಡಿದಿರಿ.
“ಯಾರೂ ಹೇಳ್ಲಿಲ್ಲ. ಕೈ ತೊಳಿಲಿಕ್ಕೆ ಹೋದಾಗ ನಾನೇ ಇಣುಕಿ ನೋಡಿದ್ದು. ತಪ್ಪಾಯ್ತು ತಮ್ಮಾ” ಅಂದಿರಿ.
ಎಲ್ಲರೆದುರು ಕೈ ಮುಗಿದಿರಿ.
ನಾನು ಬಾಯಿ ಬಿಡಲಿಲ್ಲ...

ಆಮೇಲೆ ವಜ್ರಳ್ಳಿಯವರು ನಿಮ್ಮನ್ನು ಕರೆಯಲಿಲ್ಲ. ಹತ್ತಿರದ ನಂದೊಳ್ಳಿಯವರೂ ಬಿಟ್ಟರು. ಹಾಸ್ಯಗಾರನಿಗೆ ಊಟ ಹಾಕಲು ಜನ ಹಿಂದೆಮುಂದೆ ನೋಡಿದರು.

ಹೋದ ತಿಂಗಳು ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ನೀವೇ ಗುರುತು ಹಿಡಿದು ಮಾತಾಡಿಸಿದಿರಿ.
“ಕಾಲೇಜಾ? ಚಿಕ್ಕಪ್ಪನಿಗೆ ಮದುವೆ ಆಯ್ತಾ?”
“ಹೋದ ವರ್ಷ ಆಯ್ತು.”
“ಅಬ್ಬ! ಬದುಕಿದೆ ನಾನು” ಅಂತ ಎದೆ ಮುಟ್ಟಿಕೊಂಡಿರಿ. “ಈಗ ಊರವ್ರ ಸುದ್ದಿ ಬಿಟ್ಟಿದ್ದೇನೆ ಮಾರಾಯ್ತಿ. ಬರೀ ಮಂಗನ ಹಾಸ್ಯ. ಮಂಗ ಸಿಟ್ಟು ಮಾಡೂದಿಲ್ಲ. ಆದ್ರೆ ಜನ ಮೊದ್ಲಿನಷ್ಟು ನಗೂದೂ ಇಲ್ಲ.”
ಸಾರಿ ಅನ್ನಲು ಬಾಯಿ ತೆರೆದೆ. ಸಿದ್ದಾಪುರದ ಬಸ್ ಬಂತು. ನೀವು ಹತ್ತಿದಿರಿ.
ಬಸ್ ಹತ್ತು ನಿಮಿಷ ಅಲ್ಲೇ ನಿಂತಿತ್ತು. ನಾನು ಹತ್ತಿರ ಬರಲಿಲ್ಲ...

ಇವತ್ತು ಚಿಕ್ಕಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.
ಪೂರ್ತಿ ಕೇಳಿಸಿಕೊಂಡು,
“ಅವ್ರು ಇಪ್ಪಕಾದ್ರೆ ಹೇಳಿದ್ರೆ ಆನು ಮದುವೆಗೆ ಕರೀತಿದ್ದೆ, ಕೂಸೇ” ಅಂದ.
ಅವರು ಇರುವಾಗಲೇ ನಾನು ಹೇಳಿದ್ದರೆ ಮದುವೆಗೆ ಕರೆಯುತ್ತಿದ್ದನಂತೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
ಆಮೇಲೆ, “ಬೈಕ್ ತಗಂಡು ಬತ್ತೆ, ಅಲ್ಲೇ ಇರು. ಬಿಳಗಿಗೆ ಹೋಪನ. ಅವರ ಮನೆಯವ್ರ ಎದುರಿಗೆ ನೀನೇ ಹೇಳವು. ಆನು ಹೇಳ್ತಿಲ್ಲೆ” ಅಂದ.

ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ನಾನೇ ಹೇಳಬೇಕಂತೆ, ಅವನು ಹೇಳುವುದಿಲ್ಲವಂತೆ. ನಿಮ್ಮ ಹೆಂಡತಿಯ ಎದುರು ಮೊದಲ ಮಾತು ಏನು ಹೇಳಲಿ... ಗೊತ್ತಾಗುತ್ತಿಲ್ಲ.

ವಜ್ರಳ್ಳಿಯವರೇ, ನಂದೊಳ್ಳಿಯವರೇ, ಅವರು ಯಾರ ಕೋಣೆಯೊಳಗೂ ಇಣುಕಿದವರಲ್ಲ. ಕಮೆಂಟಿನಲ್ಲಿ ಬೈಯುವುದಿದ್ದರೆ ನನ್ನನ್ನು ಬೈಯಿರಿ. ಈ ಪೋಸ್ಟ್ ಡಿಲೀಟ್ ಮಾಡುವುದಿಲ್ಲ.

ಸುಬ್ರಾಯಣ್ಣ, ಹಗುರಾಗಿ ಹೋಗಿ ಬನ್ನಿ.
ನಿಮ್ಮ ಜೀವಕ್ಕೆ ಶಾಂತಿ ಸಿಗಲಿ...
ನನ್ನ ತಪ್ಪನ್ನು ಇಲ್ಲೇ ಇಳಿಸಿ ಹೋಗಿ, ಅದು ನಿಮ್ಮದಲ್ಲ.
🙏