ಟಿಕೆಟ್ ಕಿಂಡಿ ಉಳಿಸಿದ ಮಹಾನುಭಾವ

ಚಿಂತಾಮಣೀಲಿ ನಮ್ಮ ಹಳೇ ಟಾಕೀಸ್ ಇನ್ನೂ ಉಳಿದಿದೆಯಂತೆ ಕಣ್ರಪ್ಪ, ಇವತ್ತು ಗೊತ್ತಾಯ್ತು. ಅದನ್ನ ಕೆಡವಿ ಕಟ್ಟಿರೋ ಕಲ್ಯಾಣ ಮಂಟಪಕ್ಕೆ ಮದುವೆಗೆ ಹೋಗಿದ್ದೆ. ಮಾಲೀಕ ನನ್ನ ಕೈ ಹಿಡ್ಕೊಂಡು ಬಾಗಿಲ ಹತ್ರ ಕರ್ಕೊಂಡು ಹೋದ.

"ಕೆಡವಬೇಡಿ, ಇತಿಹಾಸ ಅಂತ ಅರ್ಜಿ ಕೊಟ್ಟಿದ್ರಲ್ಲ ಸಾರ್? ನೋಡಿ, ಟಿಕೆಟ್ ಕಿಂಡಿ ಹಂಗೇ ಇಟ್ಟಿದೀನಿ."

ಹೌದು, ಅದೇ ಕಿಂಡಿ. ಒಳಗೆ ಹೆಣ್ಣಿನ ಕಡೆಯವರು ಕೂತು ಮುಯ್ಯಿ ತಗೊಳ್ತಿದ್ರು, ಹೊರಗೆ ನೂಕುನುಗ್ಗಲು.

"ಪರಂಪರೆ ಸಾರ್. ಜನ ಫೋಟೋ ತೆಗೆಸ್ಕೊಳ್ತಾರೆ."

ನಾನೂ ಕೈ ತೂರಿಸಿ ಕವರ್ ಕೊಟ್ಟು ಊಟಕ್ಕೆ ಕೂತೆ. ಆಗೆಲ್ಲ ಇದೇ ಕಿಂಡೀಲಿ ದುಡ್ಡು ಕೊಟ್ಟು ಒಳಗೆ ಹೋದ್ರೆ ವಿಲನ್‌ಗೆ ಬಾಯ್ತುಂಬ ಬೈಬಹುದಿತ್ತು. ಇವತ್ತು ಅವನೇ ಮಾಲೀಕನಾಗಿ ಎಲೆ ಮುಂದೆ ನಿಂತು, "ಇನ್ನೊಂಚೂರು ಪಾಯಸ ಹಾಕಿಸ್ಕೊಳ್ಳಿ ಸಾರ್" ಅಂದ.