ಕಾಫಿಯ ಘಮವೂ ಸಾಹೇಬರ ಚಹವೂ

ಗುಟ್ಟಾಗಿ ಮಾಡಲಾಗದ ಕೆಲಸಗಳಲ್ಲಿ ಕಾಫಿಬೀಜ ಪುಡಿ ಮಾಡುವುದಕ್ಕೇ ಅಗ್ರಸ್ಥಾನವೆಂಬುದು ನನ್ನ ದೃಢವಾದ ನಂಬಿಕೆ. ಪರದೇಶದಲ್ಲಿ, ಪಂಗಾನಿ ಎಂಬ ಬಡಾವಣೆಯ ನಮ್ಮ ಮೇಲ್ಮಹಡಿಯ ಮನೆಯಲ್ಲಿ, ನನ್ನ ಧರ್ಮಪತ್ನಿ ಸರೋಜ ಭಾನುವಾರ ಬೆಳಿಗ್ಗೆ ಮೈಸೂರಿನಿಂದ ತಂದ ಕೈಯಂತ್ರ ತಿರುಗಿಸಿದಳೆಂದರೆ, ಅದರ ಪರಿಮಳ ಮೆಟ್ಟಿಲಿಳಿದು, ರಸ್ತೆ ದಾಟಿ, ಮಟಾಟು ಎಂಬ ಬಾಡಿಗೆ ವ್ಯಾನಿಗೆ ಕಾಯುತ್ತ ನಿಂತವರನ್ನೂ ಮಾತಾಡಿಸಿ ಬರುತ್ತಿತ್ತು. ಅನ್ಯರಿಗೆ ಇದು ಸೌಭಾಗ್ಯವೆನಿಸಬಹುದು. ಕಾಫಿ ರಫ್ತು ಮಾಡುವ ಕಂಪನಿಯ ನೌಕರನಾದ ನನಗೆ ಮಾತ್ರ ತೀರ ಪೇಚಿನ ಸಂಗತಿಯಾಗಿತ್ತು.

ಬೀಜವನ್ನೇನೋ ನಾವು ಪೇಟೆಯ ಅಂಗಡಿಯಲ್ಲೇ ಕೊಳ್ಳುತ್ತಿದ್ದೆವು. ಆದರೆ ಘಮಕ್ಕೆ ರಸೀದಿ ಅಂಟಿಸಿ ಕಳಿಸುವುದು ಹೇಗೆ, ನೀವೇ ಹೇಳಿ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಗೆಳೆಯ ನಾಗೇಶರಾಯರು ಬಂದಾಗಲೆಲ್ಲ ಕುಡಿದ ಲೋಟ ಕೆಳಗಿಟ್ಟು, "ನಿಮಗೇನ್ರೀ, ಕಂಪನಿ ಕಾಫಿ" ಎನ್ನುವರು. ಪಾಪ, ತಮಾಷೆಯ ಮನುಷ್ಯ. ಆದರೆ ಆ ತಮಾಷೆ ಕನ್ನಡಿಗರ ಮನೆಮನೆ ಸುತ್ತಿ ಕಡೆಗೆ ನಮ್ಮ ಆಫೀಸಿಗೂ ಬಂದು ಕೂತಿತು. ಅದೂ ಯಾವಾಗ? ರೈತರು ಕಳಿಸಿದ ಮಾದರಿ ಬೀಜಗಳ ಕೋಣೆಗೆ ನನ್ನನ್ನು ಮುಖ್ಯಸ್ಥನನ್ನಾಗಿ ಮಾಡುವ ಮಾತು ನಡೆದಿದ್ದಾಗ. ಅಂಥ ಕೋಣೆಯ ಬೀಗದ ಕೈಯನ್ನು ಇಂಥ ಹೆಸರು ಹೊತ್ತವನಿಗೆ ಯಾರು ಕೊಟ್ಟಾರು? ನನಗೆ ಊಟ ಸೇರದಾಯಿತು.

ಕೊಡಬೇಕಾದವರು ಮ್ಯಾನೇಜರ್ ಬೆನ್ಯಾಮಿನ್ ಸಾಹೇಬರು, ಶ್ರದ್ಧಾವಂತ ಯೆಹೂದಿ. ಹಗಲೆಲ್ಲ ಕಾಫಿಯ ರುಚಿ ನೋಡುವ ಈ ಮಹಾನುಭಾವರು ಆಫೀಸಿನಿಂದ ಹೊರಬಿದ್ದರೆ ಕಾಫಿ ಮುಟ್ಟುವವರಲ್ಲ, ಮನೆಗೆ ಬಂದ ಅತಿಥಿಗಳಿಗೂ ಚಹವೇ ಗತಿ ಎಂಬುದು ಊರಿಗೆಲ್ಲ ಗೊತ್ತು. ಕಾರಣ ಕೇಳಿದರೆ ಕಥೆ ಹೇಳುತ್ತಿದ್ದರು. ಅವರ ಪುರಾತನ ದೇಗುಲಕ್ಕೆ ಧೂಪ ತಯಾರಿಸುತ್ತಿದ್ದ ಮನೆತನದ ಹೆಣ್ಣುಮಕ್ಕಳು ಮದುವೆಯ ದಿನವೂ ಸುಗಂಧ ಪೂಸಿಕೊಳ್ಳುತ್ತಿರಲಿಲ್ಲವಂತೆ, ದೇವರ ಧೂಪಕ್ಕೆ ಕೈಹಾಕಿದರೆಂದು ನೋಡಿದವರಿಗೆ ಅನ್ನಿಸಬಾರದೆಂದು. ತಪ್ಪು ಮಾಡದಿದ್ದರೆ ಸಾಲದು, ಮಾಡಿದಂತೆ ಕಾಣಲೂ ಬಾರದು ಎಂಬುದು ಅವರ ಹಿರಿಯರ ಕಟ್ಟಳೆ.

ನಾನು ಅಂದೇ ಮನೆಗೆ ಬಂದು ಕಾಫಿನಿಷೇಧ ಘೋಷಿಸಿದೆ.

"ಕದ್ದಿಲ್ಲ ಅಂದ್ಮೇಲೆ ಯಾಕ್ರೀ ಬಚ್ಚಿಡ್ಬೇಕು?" ಎಂದಳು ಸರೋಜ. ಸುಗಂಧವಿಲ್ಲದ ವಧುಗಳ ಕಥೆ ಹೇಳಿದೆ. ಆ ಹುಡುಗಿಯರಿಗೆ ಕಾಫಿಯಾದರೂ ಸಿಗುತ್ತಿತ್ತೇನೋ ಎಂದು ಗೊಣಗುತ್ತ ಚಹಕ್ಕೆ ನೀರಿಟ್ಟಳು. ಅವಳ ತಲೆನೋವನ್ನೂ ನನ್ನ ಸಿಡಿಮಿಡಿಯನ್ನೂ ಇಲ್ಲಿ ವರ್ಣಿಸುವುದಿಲ್ಲ.

ಅಷ್ಟರಲ್ಲಿ ಮಗಳ ಹುಟ್ಟುಹಬ್ಬ ಬಂತು. ಕನ್ನಡದ ಬಳಗವೆಲ್ಲ ನೆರೆಯಿತು, ಸಾಹೇಬರೂ ಬಂದರು. ಅವರ ಆಹಾರನಿಯಮದಂತೆ ಹಣ್ಣಷ್ಟೇ ತಿನ್ನುತ್ತಿದ್ದರು. ರಾಯರು ಕೈಗೆ ಬಂದ ಬಟ್ಟಲೊಳಗೆ ಇಣುಕಿ, ಚಹವೆಂದು ಖಾತ್ರಿಯಾದ ಮೇಲೆ, ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ, ಇವತ್ತು ಕಂಪನಿ ಕಾಫಿ ಎಲ್ಲಿ ಹೋಯಿತೆಂದು ಕೇಳಿಬಿಟ್ಟರು. ನನ್ನ ಮಾನ ಹೋಯಿತೆಂದೇ ಅಂದುಕೊಂಡೆ.

ಸಾಹೇಬರು ಬಾಳೆಹಣ್ಣನ್ನು ತಟ್ಟೆಯಲ್ಲಿಟ್ಟು ಸರೋಜಳ ಕಡೆ ತಿರುಗಿ, ಹಾಲಿಲ್ಲದ ಕಾಫಿ ಕೊಡುವಿರಾ ಎಂದರು. ಅವಳು ನನ್ನನ್ನು ಕೇಳಲೂ ಇಲ್ಲ, ಒಳಗೆ ನಡೆದಳು. ಬಿಸಿ ಡಿಕಾಕ್ಷನ್ ತುಂಬಿದ ಗಾಜಿನ ಲೋಟವನ್ನು ಅಷ್ಟು ಜನರ ನಡುವೆ ಅವರು ಗುಟುಕುಗುಟುಕಾಗಿ ಮುಗಿಸಿದರು. ಆಮೇಲೆ ರಾಯರಿಗೆ ಮೆಲ್ಲನೆ ಹೇಳಿದರು: "ಇದು ಕಂಪನಿಯ ಕಾಫಿಯಲ್ಲ. ಆಗಿದ್ದರೆ ನಾನು ಮುಟ್ಟುತ್ತಿರಲಿಲ್ಲ."

ರಾಯರ ದೊಡ್ಡತನವನ್ನೂ ಹೇಳಬೇಕು. ತಪ್ಪಾಯಿತೆಂದು ಎಲ್ಲರೆದುರು ಒಪ್ಪಿಕೊಂಡು, ತಮಗೂ ಒಂದು ಲೋಟ ಬೇಡಿದರು.

ನನಗಾಗಿ ವ್ರತ ಮುರಿದಿರಲ್ಲ ಎಂದು ಮೆಟ್ಟಿಲ ಬಳಿ ಸಾಹೇಬರ ಕೈಹಿಡಿದುಕೊಂಡೆ. "ವಧುಗಳ ಕಟ್ಟಳೆ ನನ್ನನ್ನು ನಾನು ನೋಡಿಕೊಳ್ಳುವುದಕ್ಕೆ, ಇತರರನ್ನು ನೋಡುವಾಗ ಒಳ್ಳೆಯದರ ಕಡೆಗೇ ತಕ್ಕಡಿ ಬಾಗಿಸಬೇಕೆಂಬುದೂ ನಮ್ಮ ಕಟ್ಟಳೆಯೇ" ಎಂದರು. ನನ್ನ ಕಣ್ಣು ತುಂಬಿ ಬಂತು.

ಸೋಮವಾರ ಬೀಗದ ಕೈ ನನ್ನದಾಯಿತು. ನಾನು ಸೀದಾ ದರ್ಜಿಯ ಬಳಿ ಹೋಗಿ ಆಫೀಸಿಗೆಂದು ಜೇಬೇ ಇಲ್ಲದ ಅಂಗಿ ಷರಾಯಿ ಹೊಲಿಸಿಕೊಂಡೆ. ಹಾಗಾದರೆ ಬೀಗದ ಕೈ ಎಲ್ಲಿಡುತ್ತೀರಿ ಎಂದು ಸರೋಜ ನಕ್ಕಳು. ನಾನು ಅದನ್ನು ಜನಿವಾರಕ್ಕೆ ಕಟ್ಟಿಕೊಂಡು, ಅವಳು ಕೊಟ್ಟ ಕಾಫಿ ಕುಡಿದು, ಕೆಲಸಕ್ಕೆ ಹೊರಟೆ.