ಪ್ರಣಮ್ಯಾ ಹಿಡಿದ ಫ್ಲ್ಯಾಶ್

ನನ್ನ ಅಕ್ಕನ ಮಗಳು ಪ್ರಣಮ್ಯಾ ಪೋರೂರಿನ ಒಂದು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೂರುತ್ತಾಳೆ. ಸಾಲಿನ ಕಟ್ಟಕಡೆಯ ಕೌಂಟರು ಅವಳದು, ಬಲಕ್ಕೆ ಗೋಡೆ. ಕೆಲಸಕ್ಕೆ ಸೇರಿದಾಗಲೇ ಕೇಳಿ ಪಡೆದ ಜಾಗ ಅದು. ಅವಳ ಬಲಗೆನ್ನೆಯಿಂದ ಕಿವಿಯ ಕೆಳಗಿನವರೆಗೆ ಸುಟ್ಟ ಕಲೆಯಿದೆ. ಚಿಕ್ಕವಳಿದ್ದಾಗ ಅವಳಮ್ಮ ಗೋಳಿಬಜೆ ಕರಿಯುತ್ತಿದ್ದ ಬಾಣಲೆ ಮಗುಚಿ ಆದದ್ದು. ಕೊರೊನಾ ಬಂದು ಊರಿಗೆ ಊರೇ ಮಾಸ್ಕ್ ಹಾಕಿಕೊಂಡು ಓಡಾಡಿದ ಕಾಲದಲ್ಲಿ, ಹೇಳಬಾರದು, ಈ ಹುಡುಗಿ ಸುಖವಾಗಿದ್ದಳು. ಬಸ್ಸಿನಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ. ಎಲ್ಲರೂ ಮಾಸ್ಕ್ ಬಿಸಾಡಿದ ಮೇಲೂ ಅವಳು ಬಿಡಲಿಲ್ಲ. ಕೊನೆಗೆ ನಾನೇ ಬೈದು ತೆಗೆಸಿದೆ.

ನಾವು ಉಡುಪಿ ಕಡೆಯವರು. ಭಾವ ಈ ತಮಿಳು ಊರಿನ ಹೋಟೆಲುಗಳಲ್ಲಿ ಅಡುಗೆ ಮಾಡಿ ಮಕ್ಕಳನ್ನು ಓದಿಸಿ ತೀರಿಕೊಂಡರು. ಅಕ್ಕ ಬೇಬಿ, ಪ್ರಣಮ್ಯಾ, ಅವಳ ತಮ್ಮ ಶ್ರೀಶ ಮೇಲಿನ ಮನೆಯಲ್ಲಿದ್ದಾರೆ, ಅದೇ ಕಟ್ಟಡದ ಕೆಳಗಿನ ಮನೆಯಲ್ಲಿ ನಾನು. ನನ್ನ ಬಾಯಿ ಜೋರು ಎಂದು ಇಡೀ ಕಟ್ಟಡಕ್ಕೆ ಗೊತ್ತು. ಇದನ್ನು ಹೇಳುವಾಗ ಅದನ್ನು ತಗ್ಗಿಸುವ ಇರಾದೆ ನನಗಿಲ್ಲ.

ಶ್ರೀಶ ಫೋಟೋಗ್ರಾಫರ್. ದೊಡ್ಡ ಮದುವೆಗಳಿಗೆ ಅವನನ್ನು ಯಾರೂ ಕರೆಯುವುದಿಲ್ಲ. ನಾಮಕರಣ, ಸೀಮಂತ, ಗೃಹಪ್ರವೇಶ, ಹೀಗೆ. ಇದ್ದದ್ದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ಅದರ ನೆತ್ತಿಯ ಮೇಲೊಂದು ಫ್ಲ್ಯಾಶ್. ಅದು ಎದುರಿಗೆ ಹೊಡೆದರೆ ಮುಖವೆಲ್ಲ ಸುಣ್ಣ ಬಳಿದಂತಾಗಿ ಹಿಂದೆ ಗೋಡೆಯ ಮೇಲೆ ಕರಿ ನೆರಳು ಬೀಳುತ್ತಿತ್ತು. ಒಬ್ಬಳು ಬಾಣಂತಿ ಆಲ್ಬಮ್ ನೋಡಿ, "ಎಲ್ಲಾ ಆಧಾರ್ ಕಾರ್ಡ್ ಥರ ಉಂಟಲ್ಲ" ಎಂದು ನಕ್ಕಳಂತೆ. ಅವತ್ತಿನಿಂದ ಅವನಿಗೆ ಒಂದೇ ಹುಚ್ಚು. ಫ್ಲ್ಯಾಶನ್ನು ಕ್ಯಾಮೆರಾದಿಂದ ಇಳಿಸಿ ದೂರದಲ್ಲಿ, ಒಂದು ಬದಿಯಲ್ಲಿ ಇಡಬೇಕು. ಬೆಳಕು ಓರೆಯಾಗಿ ಬಿದ್ದರೆ ಮುಖಕ್ಕೆ ಮೂಗು, ಗಲ್ಲ, ಉಬ್ಬು ತಗ್ಗು ಎಲ್ಲ ಬರುತ್ತದೆ ಎನ್ನುತ್ತಿದ್ದ.

ಮೌಂಟ್ ರೋಡಿನ ಬಳಿಯ ಗಲ್ಲಿಯೊಂದಕ್ಕೆ ನಾವು ಮೂವರೂ ಹೋದೆವು. ನಾನು ಚೌಕಾಸಿಗೆ, ಪ್ರಣಮ್ಯಾ ಲೆಕ್ಕಕ್ಕೆ. ಕ್ಯಾಮೆರಾ ಕಂಪನಿಯದ್ದೇ ಫ್ಲ್ಯಾಶಿನ ಬೆಲೆ ಕೇಳಿ ನಾನು ಅಂಗಡಿಯವನನ್ನೇ ದಿಟ್ಟಿಸಿದೆ. ಅವನು ಇನ್ನೊಂದು ತೆಗೆದ. ಚೀನಾದ್ದು, ತಾನಾಗಿಯೇ ಏನನ್ನೂ ಅಳೆಯುವುದಿಲ್ಲ, ಬೆಳಕು ಎಷ್ಟು ಬೇಕೆಂದು ನಾವೇ ಗುಂಡಿ ತಿರುಗಿಸಬೇಕು. ಬೆಲೆ ಕಾಲುಭಾಗಕ್ಕಿಂತ ಕಡಿಮೆ.

ಶ್ರೀಶನ ಮುಖ ಸಪ್ಪಗಾಯಿತು. ಪ್ರಣಮ್ಯಾ ಮಾತ್ರ, "ಇದೇ ಸಾಕು ಮಾರಾಯ. ಕೂತವ್ರು ಕೂತಲ್ಲೇ ಇರ್ತಾರೆ, ಒಂದ್ಸಲ ಸೆಟ್ ಮಾಡಿದ್ರೆ ಮುಗೀತು. ದುಡ್ಡು ಟ್ರಿಗರಿಗೆ ಹಾಕು" ಎಂದಳು.

ಟ್ರಿಗರ್ ಎಂದರೆ ಕ್ಯಾಮೆರಾ ಒತ್ತಿದಾಗ ದೂರದ ಫ್ಲ್ಯಾಶಿಗೆ ಸುದ್ದಿ ಮುಟ್ಟಿಸುವ ಪುಟ್ಟ ಡಬ್ಬಿ. ಅಂಗಡಿಯವನು ಮೊದಲು ತೋರಿಸಿದ ಅಗ್ಗದ್ದು ಬೇರೆ ಯಾರ ಫ್ಲ್ಯಾಶ್ ಮಿಂಚಿದರೂ ನಮ್ಮದನ್ನೂ ಮಿಂಚಿಸುವಂಥದ್ದು. ಮಂಟಪದಲ್ಲಿ ನೆಂಟರ ಕ್ಯಾಮೆರಾಗಳಿಗೆಲ್ಲ ಇದು ಕುಣಿಯುತ್ತ ಕೂತರೆ ಸೆಲ್ ಮುಗಿಯುತ್ತದೆ ಎಂದು ಪ್ರಣಮ್ಯಾ ಅದನ್ನು ಬೇಡವೆಂದಳು. ರೇಡಿಯೋ ಅಲೆಯಿಂದ ನಡೆಯುವ ಇನ್ನೊಂದನ್ನು ಫ್ಲ್ಯಾಶಿಗೆ ಸಿಕ್ಕಿಸಿ ಹಿಡಿದು ಬೀದಿಯ ಆಚೆ ಬದಿಗೆ ಹೋಗಿ ನಿಂತು, ಅಲ್ಲಿಂದಲೇ ತಮ್ಮನಿಗೆ ಒತ್ತು ಎಂದಳು. ಪ್ರತಿ ಸಲವೂ ಹತ್ತಿತು. ಅದೊಂದು ಜೊತೆ, ಬೆಳಕನ್ನು ಮೆದು ಮಾಡುವ ಒಂದು ಬಿಳಿ ಕೊಡೆ, ಚಾರ್ಜ್ ಮಾಡುವ ಸೆಲ್ಲುಗಳನ್ನು ಕೊಂಡೆವು. "ಸ್ಟ್ಯಾಂಡ್ ವೇಣಾಮಾ ಮಾ?" ಎಂದು ಅಂಗಡಿಯವನು ಕೇಳಿದ.

"ಸ್ಟ್ಯಾಂಡ್ ಎಂತಕ್ಕೆ? ಮಕ್ಕಳು ಎಡವಿ ಬೀಳಿಸ್ತಾವೆ. ನಾನಿಲ್ವಾ ಹಿಡ್ಕೊಳ್ಳಿಕ್ಕೆ?" ಎಂದಳು ಪ್ರಣಮ್ಯಾ.

ಅವಳು ಖುಷಿಯಿಂದಲೇ ಹೇಳಿದ್ದು. ಆಮೇಲೆ ರಜೆಯ ದಿನಗಳಲ್ಲಿ ತಮ್ಮನ ಜೊತೆ ಸೀಮಂತ, ಗೃಹಪ್ರವೇಶಗಳಿಗೆ ಹೋಗಿ ಕೊಡೆ ಕಟ್ಟಿದ ಫ್ಲ್ಯಾಶನ್ನು ಎತ್ತಿ ಹಿಡಿದು ನಿಲ್ಲತೊಡಗಿದಳು. ಕೈ ನೋಯುವುದಿಲ್ಲವೇ ಎಂದು ಕೇಳಿದರೆ, "ನೋಯ್ತದೆ. ಆದ್ರೆ ಲೈಟಿನ ಹಿಂದೆ ನಿಂತವಳ ಮುಖ ಯಾರಿಗೂ ಕಾಣೂದಿಲ್ಲ ಚಿಕ್ಕಮ್ಮ, ಕಣ್ಣು ಕುಕ್ತದಲ್ಲ" ಎಂದಳು.

ಆದರೆ ಆ ಫ್ಲ್ಯಾಶಿನ ಮೊದಲ ಫೋಟೋ ಅವಳದ್ದೇ. ಶ್ರೀಶ ಮರದ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ಎಡಕ್ಕೆ ನನ್ನ ಕೈಯಲ್ಲಿ ಫ್ಲ್ಯಾಶ್ ಕೊಟ್ಟು, ಬಲಕ್ಕೆ ಬಿಳಿ ಗೋಡೆಯ ಮೇಲೆ ಕರಿ ಬೆಡ್‌ಶೀಟ್ ತೂಗುಹಾಕಿದ. ಗೋಡೆಗೆ ಬಿದ್ದ ಬೆಳಕು ತಿರುಗಿ ಆ ಕೆನ್ನೆಗೆ ಬರಬಾರದಂತೆ. "ಅಕ್ಕಾ, ಕೊಂಜಂ ಲೆಫ್ಟ್" ಎಂದು ಅವಳ ಮುಖ ತುಸು ಎಡಕ್ಕೆ ತಿರುಗಿಸಿ ಒತ್ತಿದ. ನೋಡಿದರೆ ಎಡಗಣ್ಣು, ಎಡಗೆನ್ನೆ, ತುಟಿಯ ತುದಿಯ ನಗು. ಬಲಗೆನ್ನೆ ನೆರಳಿನಲ್ಲಿ ಕರಗಿಹೋಗಿತ್ತು. ಬೇಬಿ ಮೊಬೈಲನ್ನು ಎದೆಗೊತ್ತಿಕೊಂಡು ಅತ್ತಳು. ಬಾಣಲೆ ಮಗುಚಿದವಳು ಅವಳಲ್ಲವೇ, ಅವಳ ಅಳುವಿಗೆ ನಾನು ಏನೂ ಅನ್ನಲಾರೆ.

ಆ ಫೋಟೋವನ್ನು ಅವಳು ನಮ್ಮವರ ಮದುವೆ ಸಂಬಂಧದ ವಾಟ್ಸಾಪ್ ಗುಂಪಿಗೆ ಕಳಿಸಿದಳು. "ಕಲೆ ಉಂಟು ಅಂತ ಬರೀಬೇಕಲ್ಲ ಅಮ್ಮ" ಎಂದಳು ಪ್ರಣಮ್ಯಾ. "ಮೊದ್ಲು ಬಂದು ಮಾತಾಡ್ಲಿ. ಮತ್ತೆ ಹೇಳುವ" ಎಂದು ಬೇಬಿ ಅವಳ ಬಾಯಿ ಮುಚ್ಚಿಸಿದಳು. ನಾನೂ ತಲೆಯಾಡಿಸಿದೆ.

ತಾಂಬರಂನಿಂದ ಅರವಿಂದ ಎಂಬ ಹುಡುಗನ ಮನೆಯವರು ಕೇಳಿದರು. ಹುಡುಗ ಬ್ಯಾಂಕಿನಲ್ಲಿದ್ದ, ತಂದೆಯಿಲ್ಲ. ಫೋಟೋದಲ್ಲಿ ಲಕ್ಷಣವಾಗಿದ್ದ. ಅವರು ಬರುವ ಮೊದಲು ಹುಡುಗ ಹುಡುಗಿ ಫೋನಿನಲ್ಲಿ ಮಾತಾಡಿಕೊಳ್ಳಲಿ ಎಂದು ಎರಡೂ ಕಡೆ ಒಪ್ಪಿದರು. ಆ ದಿನಗಳಲ್ಲಿ ನನ್ನ ಪ್ರಣಮ್ಯಾಳನ್ನು ನೀವು ನೋಡಬೇಕಿತ್ತು. ಮೆಟ್ಟಿಲು ಹತ್ತುವಾಗ ಗುನುಗುತ್ತಿದ್ದಳು. ಟೆರೇಸಿನಲ್ಲಿ ಬಟ್ಟೆ ಹರವುತ್ತ ಫೋನಿನಲ್ಲಿ ನಗುವುದು ನನ್ನ ಅಡುಗೆಮನೆಗೆ ಕೇಳುತ್ತಿತ್ತು. ಈ ಸಂಬಂಧ ಕೂಡಿಬರಲಿ ಎಂದು ನಾನು, ದೇವರ ಜೊತೆ ಅಷ್ಟಾಗಿ ಮಾತುಕತೆ ಇಲ್ಲದವಳು, ತುಪ್ಪದ ದೀಪ ಹಚ್ಚಿದೆ.

ಭಾನುವಾರ ತಾಯಿ ಮಗ ಬಂದರು. ಪ್ರಣಮ್ಯಾ ಕಾಫಿ ತಂದಳು, ಕೂದಲು ಎಳೆದು ಕಟ್ಟಿಕೊಂಡಿದ್ದಳು, ಕಲೆ ಮುಚ್ಚುವ ಪ್ರಯತ್ನವನ್ನೇ ಮಾಡಿರಲಿಲ್ಲ. ಹುಡುಗನ ತಾಯಿ ಲೋಟವನ್ನು ಬಾಯಿಯವರೆಗೆ ತಂದವಳು ಕೆಳಗಿಟ್ಟಳು.

"ಫೋಟೋದಲ್ಲಿ ಇದು ಇರ್ಲಿಲ್ಲ ಅಲ್ವಾ?"

ಬೇಬಿ ಏನೋ ತೊದಲಿದಳು. ಎಣ್ಣೆ, ಚಿಕ್ಕಂದು, ಡಾಕ್ಟರು.

"ಇರ್ಲಿ. ಆದ್ರೆ ಹೇಳ್ಬೇಕಿತ್ತು. ಇದು ಚೀಟಿಂಗ್ ಅಲ್ವಾ? ಅಷ್ಟು ದೂರದಿಂದ ನಮ್ಮನ್ನು ಕರೆಸ್ಕೊಂಡು ಹೀಗೆ ಮಾಡೂದಾ?"

ಪ್ರಣಮ್ಯಾ ಅರವಿಂದನ ಮುಖವನ್ನೇ ನೋಡುತ್ತಿದ್ದಳು. ಅವನು ಮೊಬೈಲ್ ನೋಡುತ್ತಿದ್ದ. ಆಮೇಲೆ ಎದ್ದು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅವರು ಹೊರಟರು. ಬಾಗಿಲಲ್ಲಿ ಅರವಿಂದ ಬಗ್ಗಿ ಶೂ ಕಟ್ಟುವಾಗ, ಕುತ್ತಿಗೆವರೆಗೆ ಗುಂಡಿ ಹಾಕಿದ ಕಾಲರು ಪಕ್ಕಕ್ಕೆ ಸರಿಯಿತು. ಎಡಗಿವಿಯ ಕೆಳಗಿಂದ ಕುತ್ತಿಗೆಯ ಉದ್ದಕ್ಕೂ ಬಿಳಿ ಮಚ್ಚೆ. ತೊನ್ನು. ಅವರು ಕಳಿಸಿದ ಫೋಟೋದಲ್ಲಿ ಅದೂ ಇರಲಿಲ್ಲ.

ತೊನ್ನು ಇರುವುದು ತಪ್ಪಲ್ಲ, ಅದು ಯಾರಿಗೂ ಅಂಟುವುದೂ ಇಲ್ಲ. ನನ್ನ ಮೈ ಉರಿದದ್ದು ಆ 'ಚೀಟಿಂಗ್' ಎಂಬ ಮಾತಿಗೆ. ಮೆಟ್ಟಿಲಿಳಿದು ಓಡಿದೆ, ಅಷ್ಟರಲ್ಲಿ ಆಟೋ ಹೊರಟಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಹೇಳುತ್ತಿರಲಿಲ್ಲ. ಒಂದು ತಿಂಗಳಾಗಿರಬಹುದು, ಆ ಹೆಂಗಸು ಶ್ರೀಶನಿಗೆ ಫೋನ್ ಮಾಡಿದಳು. "ನಿನ್ನ ಅಕ್ಕನ ಫೋಟೋ ತೆಗ್ದದ್ದು ನೀನೇ ಅಲ್ವಾ ಮಗ? ಬಹಳ ಚೆಂದ ಬಂದಿತ್ತು. ನಮ್ಮ ಅರವಿಂದಂದೂ ಹಾಗೇ ತೆಗ್ದುಕೊಡು. ಒಂದು ಬದಿಯಿಂದ ಲೈಟ್ ಬರ್ತದಲ್ಲ, ಹಾಗೆ." ನಾಚಿಕೆ ಎಂಬುದು ಅವಳ ಮನೆಯ ಬಾಗಿಲಿಗೂ ಹೋದದ್ದಲ್ಲ ಎಂದು ಕಾಣುತ್ತದೆ.

ಶ್ರೀಶ ಹೋಗುವುದಿಲ್ಲ ಎಂದ. ಬೇಬಿ ಶಾಪ ಹಾಕಿದಳು. "ಹೋಗುವ" ಎಂದಳು ಪ್ರಣಮ್ಯಾ. "ಲೈಟ್ ನಾನು ಹಿಡೀತೇನೆ." ಅವಳ ಲೆಕ್ಕ ನನಗೆ ಅರ್ಥವಾಗಲಿಲ್ಲ. ಆ ಮಚ್ಚೆಯ ಮೇಲೆಯೇ ಬೆಳಕು ಹೊಡೆದು ಸೇಡು ತೀರಿಸಿಕೊಳ್ಳುತ್ತಾಳೇನೋ ಎಂದು ಒಳಗೊಳಗೆ ಹಿಗ್ಗಿ, ಜಗಳಕ್ಕೆ ಆಳು ಬೇಕಾದೀತೆಂದು ನಾನೂ ಹೊರಟೆ.

ತಾಂಬರಂನ ಆ ಮನೆಯ ಹಾಲಿನಲ್ಲಿ ಅರವಿಂದನನ್ನು ಸ್ಟೂಲಿನ ಮೇಲೆ ಕೂರಿಸಿದರು. ಪ್ರಣಮ್ಯಾಳನ್ನು ಕಂಡು ಅವನು ಬಿಳುಚಿಕೊಂಡ. ಅವನ ತಾಯಿಗೆ ಒಂದು ಚೂರೂ ಅಳುಕಿಲ್ಲ. "ಆ ಬದಿ ಬೇಡ ಮಗ, ಈ ಬದಿಯಿಂದ" ಎಂದು ತಾನೇ ಕೈ ತೋರಿಸಿದಳು. ಶ್ರೀಶ ಕರಿ ಬಟ್ಟೆ ಕೇಳಿದರೆ ಒಳಗಿನಿಂದ ಮಡಿಚಿಟ್ಟ ಶಾಲು ತಂದು ಕೊಟ್ಟಳು. ಆಮೇಲೆ ಕಾಫಿ ಮಾಡುತ್ತೇನೆಂದು ಒಳಗೆ ಹೋದಳು.

ಪ್ರಣಮ್ಯಾ ಅವನ ಬಲಕ್ಕೆ ನಿಂತು ಫ್ಲ್ಯಾಶ್ ಎತ್ತಿ ಹಿಡಿದಳು. ನೆರಳು ಎಡಗಿವಿಯ ಕೆಳಗೆ ಎಲ್ಲಿ ಬೀಳಬೇಕೋ ಅಲ್ಲೇ ಬೀಳುವಂತೆ ಹಿಡಿದಳು. ಅರವಿಂದ ಅವಳ ಕಡೆ ತಿರುಗಿ ಸಣ್ಣ ದನಿಯಲ್ಲಿ ಮಾತಾಡಿದ.

"ನೀವು ಫೋನಲ್ಲಿ ಮೊದ್ಲೇ ಹೇಳಿದ್ರಿ, ಕಲೆ ಉಂಟು ಅಂತ. ನಾನು ಅದೆಲ್ಲ ಒಂದು ವಿಷಯವೇ ಅಲ್ಲ ಅಂದಿದ್ದೆ. ಅವತ್ತು ಅಮ್ಮನ ಎದುರು ಬಾಯಿ ಬರ್ಲಿಲ್ಲ. ಸಾರಿ."

ಇವಳು ಹೇಳಿದ್ದಳು. ನಮಗೆ ತಿಳಿಸದೆ, ಅಮ್ಮನ ಮಾತು ಮೀರಿ, ಹುಡುಗನಿಗೆ ಎಲ್ಲವನ್ನೂ ಹೇಳಿದ್ದಳು. ಇವನು ಎಲ್ಲ ತಿಳಿದೇ ಬಂದು ನಮ್ಮ ಕಾಫಿ ಕುಡಿದು, ಬೇಬಿ ಮೋಸಗಾರ್ತಿ ಎನಿಸಿಕೊಳ್ಳುವಾಗ ಮೊಬೈಲ್ ನೋಡುತ್ತ ಕೂತಿದ್ದ. ನಾನು ಬಾಯಿ ತೆರೆದೆ. ಪ್ರಣಮ್ಯಾ ನನ್ನತ್ತ ಒಮ್ಮೆ ನೋಡಿದಳು, ಅಷ್ಟೇ. ಮುಚ್ಚಿಕೊಂಡೆ.

"ತಲೆ ಅಲ್ಲಾಡಿಸ್ಬೇಡಿ" ಎಂದಳು ಅವನಿಗೆ. "ನೆರಳು ಜಾರ್ತದೆ."

ಒಂದೆರಡು ಸಲ ಫ್ಲ್ಯಾಶ್ ಹೊಡೆಯಿತು. ಆಮೇಲೆ ಅವಳೇ ಕೇಳಿದಳು, "ಈ ಫೋಟೋ ನೋಡುವ ಹುಡುಗಿಗೆ ನೀವು ಹೇಳ್ತೀರಾ?"

"ಅಮ್ಮ ನೋಡ್ಕೊಳ್ತಾರೆ" ಎಂದ.

ಫೋಟೋ ಚೆನ್ನಾಗಿಯೇ ಬಂತು. ವಾಪಸಾಗುವ ಬಸ್ಸಿನಲ್ಲಿ ಕೊಡೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತವಳನ್ನು ನಾನು ತರಾಟೆಗೆ ತೆಗೆದುಕೊಂಡೆ. "ಅವತ್ತೇ ಎಲ್ಲರೆದುರು ಹೇಳ್ಬಹುದಿತ್ತಲ್ಲ, ಇವನಿಗೆ ಗೊತ್ತಿತ್ತು ಅಂತ? ನಿನ್ನಮ್ಮ ಸುಮ್ಮನೆ ಮಾತು ಕೇಳಿದ್ಳು."

"ಅವ್ರೇ ಹೇಳ್ತಾರೆ ಅಂತ ಕಾದೆ ಚಿಕ್ಕಮ್ಮ."

"ಇವತ್ತು ಹೋದದ್ದು ಎಂತಕ್ಕೆ ಹಾಗಾದ್ರೆ?"

ಅವಳು ಕಿಟಕಿಯ ಕಡೆ ತಿರುಗಿದಳು. "ಇವತ್ತಾದ್ರೂ ಅಮ್ಮನನ್ನು ಕರ್ದು ಹೇಳ್ತಾರೇನೋ ಅಂತ. ನಾನು ನಂಬಿದ್ದೆ ಚಿಕ್ಕಮ್ಮ, ಫೋನಲ್ಲಿ ಹೇಳಿದ್ದನ್ನ." ಕೊಡೆಯ ಚೀಲವನ್ನು ಅವುಚಿಕೊಂಡು ಜೋರಾಗಿ ಅತ್ತುಬಿಟ್ಟಳು. ಮುಂದಿನ ಸೀಟಿನ ಹುಡುಗಿಯರು ತಿರುಗಿ ನೋಡಿದರು. ನೋಡಿದ್ದು ಅಳುವನ್ನೋ ಕೆನ್ನೆಯನ್ನೋ ನನಗೆ ಗೊತ್ತಿಲ್ಲ. ಇಬ್ಬರನ್ನೂ ಗದರಿಸಿದೆ.

ಆ ಫೋಟೋದಿಂದ ಅರವಿಂದನಿಗೆ ಸಂಬಂಧ ಕೂಡಿಬಂತು. ತಿರುವೊಟ್ಟಿಯೂರಿನ ಹುಡುಗಿ, ಹೆಸರು ಪಾವನಾ. ನಿಶ್ಚಿತಾರ್ಥದ ಹೊತ್ತಿಗೆ ಮಚ್ಚೆಯ ವಿಷಯ ಹೊರಗೆ ಬಿತ್ತಂತೆ. ಹುಡುಗಿಯ ತಂದೆ ನಕ್ಕು, "ಗಂಡಸಿಗೆ ಅದನ್ನೆಲ್ಲ ಯಾರು ನೋಡ್ತಾರೆ?" ಎಂದು ತಾಂಬೂಲದ ತಟ್ಟೆ ಬದಲಾಯಿಸಿ ಮದುವೆ ನಿಶ್ಚಯಿಸಿಯೇ ಬಿಟ್ಟರಂತೆ. ಆ ಮನೆಗೆ ಹೋಗಿಬಂದ ನಮ್ಮವರೇ ಒಬ್ಬರು ಬಂದು ಹೇಳಿದರು.

ನಾನು ಮೇಲಿನ ಮನೆಗೆ ಹೋಗಿ ಅಷ್ಟನ್ನೂ ಪ್ರಣಮ್ಯಾಳ ಎದುರು ಕಾರಿದೆ. ಅವಳೂ ಬೈಯಲಿ, ಅವನ ವಂಶವನ್ನೇ ಜಾಲಾಡಲಿ, ಮನಸ್ಸು ಹಗುರಾಗಲಿ ಎಂಬುದು ನನ್ನ ಆಸೆ. ಅವಳು ಫ್ಲ್ಯಾಶಿನ ಸೆಲ್ಲುಗಳನ್ನು ಚಾರ್ಜಿಗೆ ಹಾಕುತ್ತಿದ್ದಳು, ಮರುದಿನ ವಡಪಳನಿಯಲ್ಲಿ ಒಂದು ಸೀಮಂತವಿತ್ತು. ಕೈ ನಿಲ್ಲಿಸಿ ಕೇಳಿದಳು.

"ಆ ಹುಡುಗಿ ಏನು ಹೇಳಿದ್ಳಂತೆ?"

ನಾನು ನೆನಪಿಸಿಕೊಳ್ಳಲು ನೋಡಿದೆ. ತಂದೆಯ ಮಾತು, ಸೋದರಮಾವನ ಮಾತು, ಅರವಿಂದನ ತಾಯಿಯ ಮಾತು, ಬಂದವರು ಎಲ್ಲವನ್ನೂ ಹೇಳಿದ್ದರು. ಆ ಹುಡುಗಿಯನ್ನು ಅಲ್ಲಿ ಯಾರೂ ಕೇಳಿರಲಿಲ್ಲ.